ಗುಡ್ಡಕ್ಕೆ ಬೆನ್ನು ಹಾಕಿ ಹತ್ತಿದ ಕಾರು

ಜಪಾನಿನ ಹಮಾಮತ್ಸುವಿನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜ ಕಾರು ಕಾರ್ಖಾನೆಯೊಂದರಿಂದ ನಿವೃತ್ತರಾದವರು. ಅವರ ಶೆಡ್ಡಿನಲ್ಲಿ ಅಮೆರಿಕದ ಹಳೆಯ ಕಾರೊಂದಿತ್ತು. ಎರಡು ಮಹಾಯುದ್ಧಗಳ ನಡುವಿನ ಕಾಲದ್ದು. ಅಲ್ಲಿನ ರೈತರೂ ಮೇಷ್ಟರೂ ಕೊಳ್ಳಲಿ ಎಂದು ಅಗ್ಗವಾಗಿ ಮಾಡಿದ್ದು. ಮೇಲೆ ಬಟ್ಟೆಯ ಚಾವಣಿ, ಕಿಟಕಿಗಳೇ ಇಲ್ಲ. ಮೂತಿಯ ಮುಂದೆ ಬಾಗಿ ಹ್ಯಾಂಡಲ್ ತಿರುಗಿಸಿದರೆ ಮಾತ್ರ ಎಂಜಿನ್ ಏಳುತ್ತಿತ್ತು.

ಕೊರೊನಾದ ಮೂರನೆಯ ವರ್ಷ ನನ್ನ ಮೂರನೆಯ ಲಸಿಕೆಗೂ ಅಜ್ಜನ ನಾಲ್ಕನೆಯದಕ್ಕೂ ಒಂದೇ ದಿನ ಬಂತು. ಲಸಿಕೆ ಕೇಂದ್ರ ಗುಡ್ಡದ ಮೇಲಿತ್ತು. ಬಸ್ಸು, ಟ್ಯಾಕ್ಸಿ ಎಲ್ಲ ಮುಚ್ಚಿದ ಜಾಗಗಳು, ತಮ್ಮ ಕಾರಿನಷ್ಟು ಗಾಳಿಯಾಡುವ ವಾಹನ ಊರಲ್ಲೇ ಇಲ್ಲ ಎಂದು ಅಜ್ಜ ಬೇಲಿಯಾಚೆಯಿಂದ ವಿವರಿಸಿದರು. ಅವರ ಭುಜ ಹಿಡಿದುಕೊಂಡಿತ್ತು; ಹ್ಯಾಂಡಲ್ ಮಾತ್ರ ನಾನು ತಿರುಗಿಸಬೇಕಂತೆ. ಅದೂ ಎಡಗೈಯಲ್ಲೇ. ಬಲಗೈ ಹಾಕಿದರೆ ಅದು ವಾಪಸು ಬಡಿದು ಮೂಳೆ ಮುರಿದೀತಂತೆ.

ಕಾರುಗಳು ಹಿಂದಕ್ಕೆ ಬರುವಾಗ ಯಾವುದಕ್ಕೂ ತಾಗದಂತೆ ನೋಡಿಕೊಳ್ಳುವ ಸಾಫ್ಟ್‌ವೇರ್ ಬರೆಯುವುದು ನನ್ನ ಗಂಡನ ಕೆಲಸ. ಅವರು ಮೀಟಿಂಗನ್ನು ಮ್ಯೂಟ್ ಮಾಡಿ, "ಸೇಫ್ ಆಗಿ ಹೋಗ್ಬಿಟ್ಟು ಬಾ" ಎಂದಷ್ಟೇ ಹೇಳಿದರು.

ಗುಡ್ಡದ ಬುಡದಲ್ಲಿ ಅಜ್ಜ ಕಾರನ್ನು ಪೂರ್ತಿ ತಿರುಗಿಸಿ, ರಿವರ್ಸಿನಲ್ಲಿ ಹತ್ತಿಸತೊಡಗಿದರು. ಇದೇಕೆ ಹೀಗೆ ಎಂದು ಕೇಳಿದೆ. ಟ್ಯಾಂಕು ಸೀಟಿನಡಿ ಇದೆ, ಪಂಪ್ ಇಲ್ಲ, ಮೂತಿ ಮೇಲಾದರೆ ಎಂಜಿನ್ನಿಗೆ ಪೆಟ್ರೋಲ್ ಇಳಿಯುವುದಿಲ್ಲ ಎಂದು ಅವರು ಶಾಂತವಾಗಿ ತಿಳಿಸಿದರು. ಅವರ ಕತ್ತೂ ತಿರುಗುತ್ತಿರಲಿಲ್ಲ. ನಾನು ಸೀಟಿನ ಮೇಲೆ ಮಂಡಿಯೂರಿ, ಹಿಂದೆ ನೋಡುತ್ತ ಎಡ, ಬಲ ಹೇಳಿದೆ. ನಮ್ಮನ್ನು ಹಿಂಬಾಲಿಸಿ ಹತ್ತುತ್ತಿದ್ದ ಕಾರುಗಳವರು ಅಜ್ಜನಿಗೆ ಮುಖಾಮುಖಿಯಾಗಿದ್ದರು. ಅಜ್ಜ ಒಬ್ಬೊಬ್ಬರಿಗೂ ತಲೆಬಾಗಿಸಿದರು. ಅವರೂ ಬಾಗಿಸಿದರು.

ಗೇಟಿನ ಕಾವಲುಗಾರ ಕಾರಿನ ಮೂತಿ ನೋಡಿ, ನಾವು ಹೊರಗೆ ಹೊರಟವರೆಂದುಕೊಂಡ. ಲಸಿಕೆ ಹಾಕಿಸಿಕೊಂಡದ್ದಕ್ಕೆ ವಂದಿಸಿ, ಹದಿನೈದು ನಿಮಿಷ ಕೂತಿದ್ದಿರಾ ಎಂದು ವಿಚಾರಿಸಿದ. ಇನ್ನೂ ಒಳಗೇ ಹೋಗಿಲ್ಲ ಎಂದೆ. ಒಳಹೋಗುವ ಕಾರುಗಳು ಬಾಣದ ದಿಕ್ಕಿಗೆ ಮುಖ ಮಾಡಿರಬೇಕು ಎಂದ. ತಿರುಗಿಸಿದರೆ ಎಂಜಿನ್ ನಿಲ್ಲುತ್ತದೆ ಎಂದರು ಅಜ್ಜ. ಆತ ವಾಕಿಟಾಕಿಯಲ್ಲಿ ಯಾರೊಂದಿಗೋ ಬಹಳ ಹೊತ್ತು ಮಾತಾಡಿದ. ಕೊನೆಗೆ ಬಾಣದ ಹಲಗೆಯನ್ನೇ ತಿರುಗಿಸಿಟ್ಟು ನಮ್ಮನ್ನು ಬಿಟ್ಟು, ಮತ್ತೆ ಮೊದಲಿನಂತೆ ಇಟ್ಟ.

ಬಲತೋಳು ಒಡ್ಡಿದಾಗ, ನೀವು ಎಡಚರೇ ಎಂದು ಡಾಕ್ಟರು ಕೇಳಿದರು.

"ಅಲ್ಲ. ಎಡಗೈ ಕಾರ್ ಸ್ಟಾರ್ಟ್ ಮಾಡೋಕೆ ಬೇಕು."

ಅವರು ಅದನ್ನು ಫಾರಮ್ಮಿನಲ್ಲಿ ಬರೆದುಕೊಂಡರು.

ಇಳಿಯುವಾಗ ಮೂತಿ ಮುಂದಾಗಿಯೇ ಸಲೀಸಾಗಿ ಬಂದೆವು. ಮನೆಯ ಮುಂದೆ ಅಜ್ಜನ ಹೆಂಡತಿ ನಿಂತಿದ್ದರು. ಅವರು ಹಿಂದಿನ ವಾರವೇ ಬಸ್ಸಿನಲ್ಲಿ ಹೋಗಿ ಲಸಿಕೆ ಹಾಕಿಸಿಕೊಂಡು ಬಂದಿದ್ದರು. ನನ್ನ ಕೈಗೆ ಕಿತ್ತಳೆಯ ಚೀಲ ಕೊಟ್ಟು, "ಸುಮಿಮಾಸೆನ್, ತೊಂದ್ರೆ ಕೊಟ್ವಿ. ಮೂವತ್ತು ವರ್ಷ ಆ ಸೀಟಲ್ಲಿ ಹಿಂದೆ ನೋಡ್ಕೊಂಡು ಕೂತವಳು ನಾನು. ಇನ್ಮೇಲೆ ನೀವು ನೋಡ್ಕೊಳ್ಳಿ" ಎಂದರು.

ಆ ಊರು ಬಿಡುವವರೆಗೂ ನೋಡಿಕೊಂಡೆ.