ಹಾವೇರಿ ದಾರಿಯ ಹಾರ್ಡ್‌ಡಿಸ್ಕ್

ನನ್ನ ಕಾರಿನಲ್ಲಿ ಹಾಡು ಹಾಕುವ ಪದ್ಧತಿ ಇರಲಿಲ್ಲ. ಗಾಡಿ ಓಡಿಸುವಾಗ ಓಡಿಸಬೇಕು, ಕೇಳುವಾಗ ಕೇಳಬೇಕು. ಬೋರ್ಡಿಂಗ್ ಶಾಲೆಯಲ್ಲಿ ಗಂಟೆಗೆ ಎದ್ದು, ಗಂಟೆಗೆ ಉಂಡು, ಗಂಟೆಗೆ ಮಲಗಿ ಬೆಳೆದವನು ನಾನು. ಮುಂದೆ ಡ್ರಿಲ್ ಮಾಸ್ತರನಾಗಿ ಅದೇ ಗಂಟೆಯನ್ನು ನಾನೇ ಹೊಡೆಸಿದೆ. ನಿವೃತ್ತನಾದ ಮೇಲೂ ರಾಣೆಬೆನ್ನೂರಿನ ನಮ್ಮ ಮನೆಯಲ್ಲಿ ದಿನ ಅದೇ ಕ್ರಮದಲ್ಲಿ ಸಾಗುತ್ತಿತ್ತು. ಆದ್ದರಿಂದ ಭಾವನನ್ನು ಡಯಾಲಿಸಿಸ್‌ಗೆ ಕರೆದೊಯ್ಯುವವರು ಯಾರು ಎಂಬ ಮಾತು ಬಂದಾಗ ಎಲ್ಲರೂ ನನ್ನತ್ತ ನೋಡಿದರು. ಸೋಮವಾರ ಮತ್ತು ಗುರುವಾರ ಬೆಳಿಗ್ಗೆ ರಾಣೆಬೆನ್ನೂರು ಬಿಡುವುದು, ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಇಳಿದು ಬ್ಯಾಡಗಿಗೆ ಹೋಗಿ ಭಾವನನ್ನು ಹತ್ತಿಸಿಕೊಳ್ಳುವುದು, ಮತ್ತೆ ಹೆದ್ದಾರಿಗೆ ಬಂದು ಹಾವೇರಿಯ ಆಸ್ಪತ್ರೆ ಮುಟ್ಟುವುದು. ಪಾಳಿ ತಪ್ಪಿಸುವಂತಿರಲಿಲ್ಲ. ಎರಡು ಮೂರು ಪಾಳಿ ಬಿಟ್ಟರೆ ಮೈಯಲ್ಲಿ ನೀರು ತುಂಬಿ ಮನುಷ್ಯ ಉಳಿಯುವುದಿಲ್ಲ ಎಂದು ಡಾಕ್ಟರು ನಮ್ಮ ಅಕ್ಕನಿಗೆ ಬಿಡಿಸಿ ಹೇಳಿದ್ದರು.

ಭಾವ ಎಂದರೆ ಈ ಅಕ್ಕನ ಗಂಡ. ಬ್ಯಾಡಗಿಯಲ್ಲಿ ನಲವತ್ತು ವರ್ಷ ಮೈಕ್‌ಸೆಟ್ ಅಂಗಡಿ ಇಟ್ಟಿದ್ದವರು. ಮದುವೆ, ಭಜನೆ, ದೊಡ್ಡಾಟ, ಚುನಾವಣೆಯ ಭಾಷಣ, ಎಲ್ಲಕ್ಕೂ ಸುತ್ತಲಿನ ಹಳ್ಳಿಗಳಿಗೆ ಅವರ ಹಾರ್ನುಗಳೇ ಹೋಗುತ್ತಿದ್ದವು. ಮೂತ್ರಪಿಂಡ ಎರಡೂ ಕೈಕೊಟ್ಟ ಮೇಲೆ ಅಂಗಡಿ ಮುಚ್ಚಿತು.

ಒಂದು ಗುರುವಾರ ನಾನು ಹೋದಾಗ ಅವರು ಲುಂಗಿಯಲ್ಲೇ ಕೂತಿದ್ದರು. ಅಕ್ಕ ಬಾಗಿಲಲ್ಲೇ ತಡೆದಳು.

"ತಮ್ಮಾ, ಇವರು ಇವತ್ತೂ ಒಲ್ಲೆ ಅನ್ನಾಕತ್ತಾರ. ಸೋಮವಾರನೂ ನಿನ್ನ ಬರೇ ಹೊಳ್ಳಿಸಿ ಕಳಿಸ್ಯಾರ. ನೀನ ಹೇಳು."

"ಯಾಕ್ರಿ ಭಾವಾ?" ಎಂದೆ.

"ನಿನ್ನ ಕಾರಾಗ ಕುಂತ್ರ ಸಾಲಿ ಪ್ರಾರ್ಥನಾಕ್ಕ ನಿಂತಂಗ ಆಕ್ಕೈತಿ. ಅಲ್ಲಿಗೆ ಹೋದ್ರ ನಾಕು ತಾಸು ಮಷೀನ್ ಗುಂಯ್ ಅಂತೈತಿ. ಹೊಳ್ಳಿ ಬರೂಮುಂದ ಮತ್ತ ನಿನ್ನ ಮಾರಿ."

"ನನ್ನ ಮಾರಿಗೆ ಏನಾಗೇತ್ರಿ?"

"ಏನೂ ಆಗಿಲ್ಲ. ಅದ ತ್ರಾಸ. ಹುಟ್ಟಿದಾಗಿಂದ ಅದಕ್ಕ ಏನೂ ಆಗಿಲ್ಲ."

ಅಕ್ಕ ಸೆರಗಿನ ಮರೆಯಲ್ಲಿ ನಕ್ಕಳು. ಅವಳು ನಕ್ಕು ಬಹಳ ದಿನವಾಗಿತ್ತು. ಭಾವ ಒಳಗೆ ಹೋಗಿ ಟವೆಲಿನಲ್ಲಿ ಸುತ್ತಿದ ಒಂದು ಕರಿ ಹಾರ್ಡ್‌ಡಿಸ್ಕ್ ತಂದು ನನ್ನ ಮುಂದೆ ಇಟ್ಟರು.

"ಇದು ನಿನ್ನ ಕಾರಾಗ ಹಾಡಿದ್ರ ಬರ್ತೀನಿ. ಇಲ್ಲಂದ್ರ ನೀ ಒಬ್ಬನ ಹೋಗಿ ಮಷೀನಿಗೆ ಕೈ ಕೊಟ್ಟು ಬಾ."

ಅದರಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು. ಮೈಕ್ ಹಚ್ಚಿದ ಕಡೆಯೆಲ್ಲ ಭಾವ ಆಂಪ್ಲಿಫೈಯರ್‌ಗೆ ಒಂದು ಟೇಪ್‌ರೆಕಾರ್ಡರ್ ಜೋಡಿಸಿ ನಡೆದದ್ದನ್ನೆಲ್ಲ ತುಂಬಿಕೊಳ್ಳುತ್ತಿದ್ದರು. ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯತೊಡಗಿದಾಗ ಒಂದು ಹಳೆಯ ಕಂಪ್ಯೂಟರ್ ಕೊಂಡು, ಒಂದೊಂದನ್ನೇ ಓಡಿಸಿ ಎಲ್ಲವನ್ನೂ ಈ ಡಿಸ್ಕಿಗೆ ಇಳಿಸಿದ್ದರು. ಆಮೇಲೆ ಕ್ಯಾಸೆಟ್ಟುಗಳು ತಿಪ್ಪೆಗೆ ಹೋದವು, ಕಂಪ್ಯೂಟರ್ ಗುಜರಿಗೆ.

ನನ್ನ ಕಾರಿನ ಸ್ಟೀರಿಯೋಕ್ಕೆ ಪೆನ್‌ಡ್ರೈವ್ ಹಾಕುವ ಕಿಂಡಿ ಇತ್ತು. ಡಿಸ್ಕಿನ ವೈರನ್ನು ಅದಕ್ಕೆ ಚುಚ್ಚಿದೆ. ದೀಪ ಮಿನುಗಿತು, ಒಳಗೆ ಟಿಕ್ ಟಿಕ್ ಎಂದಿತು, ನಿಂತಿತು. ಅಂದು ಹೇಗೋ ಪುಸಲಾಯಿಸಿ ಅವರನ್ನು ಹಾವೇರಿಗೆ ಒಯ್ದೆ. ಮರುದಿನ ಇಬ್ಬರೂ ರಾಣೆಬೆನ್ನೂರಿನಲ್ಲಿ ಕಾರಿನ ಸ್ಟೀರಿಯೋ ಕೂಡಿಸುವವನ ಅಂಗಡಿಗೆ ಹೋದೆವು.

"ಸರ್, ಪೆನ್‌ಡ್ರೈವ್‌ಗೆ ಇದರ ಕರೆಂಟ್ ಸಾಕು," ಎಂದ ಅವನು. "ನಿಮ್ಮ ಡಿಸ್ಕಿನ್ಯಾಗ ತಿರುಗೋ ತಟ್ಟಿ ಐತಿ. ಇದಕ್ಕ ಸಾಲಂಗಿಲ್ಲ. ಮತ್ತ ಇದನ್ನ ಕಂಪ್ಯೂಟರಿನ್ಯಾಗ ತುಂಬಿದ ರೀತಿ ಬ್ಯಾರೆ, ಈ ಸ್ಟೀರಿಯೋಕ್ಕ ಓದಾಕ ಬರಂಗಿಲ್ಲ. ಎರಡು ದಿನ ಇಲ್ಲೇ ಬಿಡ್ರಿ, ಪೆನ್‌ಡ್ರೈವ್‌ಗೆ ಇಳಿಸಿ ಕೊಡ್ತೀನಿ. ನಿಮ್ಮ ಕಡೆ ಒಂದು ಜಾಸ್ತಿ ಕಾಪಿನೂ ಇರ್ತೈತಿ."

ಭಾವ ಡಿಸ್ಕನ್ನು ತೆಗೆದು ಮಡಿಲಲ್ಲಿಟ್ಟುಕೊಂಡರು. ಮೈಕ್‌ಸೆಟ್ಟಿನವರು ತಾವು ತುಂಬಿದ ಕ್ಯಾಸೆಟ್ಟನ್ನು ಇನ್ನೊಬ್ಬನ ಅಂಗಡಿಯಲ್ಲಿ ಒಂದು ರಾತ್ರಿಯೂ ಬಿಡುವುದಿಲ್ಲ. ಬಿಟ್ಟರೆ ಬೆಳಗಾಗುವುದರೊಳಗೆ ಅದು ಊರೆಲ್ಲ ಆಗುತ್ತದೆ, ಮುಂದಿನ ಮದುವೆಗೆ ನಿನ್ನ ಹಾಡೇ ಇನ್ನೊಬ್ಬನ ಹಾರ್ನಿನಿಂದ ಬರುತ್ತದೆ. ಆ ವ್ಯಾಪಾರವೇ ಈಗ ಇಲ್ಲ, ಕದಿಯುವವರೂ ಇಲ್ಲ ಎಂದು ನಾನು ಹೇಳಿದೆ.

"ನಿಂಗ ತಿಳಿಯಂಗಿಲ್ಲ ಮಾಸ್ತರ. ಇದು ನನ್ನ ಕೈ ಬಿಟ್ಟು ಹೋಗಂಗಿಲ್ಲ."

ಕೊನೆಗೆ ಅಂಗಡಿಯವನು ಬೇರೆ ದಾರಿ ತೋರಿಸಿದ. ಇಂಥ ಡಿಸ್ಕನ್ನು ಓದಬಲ್ಲ ಹೊಸ ಸ್ಟೀರಿಯೋ ಕೂಡಿಸಿದ. ಎರಡು ಮೂತಿಯ ಒಂದು ವೈರು ಕೊಟ್ಟ. ಒಂದು ಮೂತಿ ಸ್ಟೀರಿಯೋಕ್ಕೆ, ಇನ್ನೊಂದು ಸಿಗರೇಟು ಹೊತ್ತಿಸುವ ಕುಳಿಯಲ್ಲಿ ಸಿಕ್ಕಿಸುವ ಮೊಬೈಲ್ ಚಾರ್ಜರಿಗೆ. ಹಾಡು ಒಂದರಿಂದ, ಕರೆಂಟು ಇನ್ನೊಂದರಿಂದ. ಡಿಸ್ಕು ತಿರುಗಿತು. ಪರದೆಯ ಮೇಲೆ ಕನ್ನಡದ ಹೆಸರುಗಳ ಬದಲು ಬರೀ ಚೌಕಗಳು ಬಂದವು. ಭಾವ ಅದನ್ನು ನೋಡಲೂ ಇಲ್ಲ. ಗಣಪತಿ ಸ್ತುತಿ ಶುರುವಾಯಿತು, ಅವರು ಕಣ್ಣು ಮುಚ್ಚಿದರು.

ಆಮೇಲಿನ ಕೆಲವು ತಿಂಗಳು ಪಾಳಿ ತಪ್ಪಲಿಲ್ಲ. ಅಕ್ಕ ಕರೆಯುವ ಮೊದಲೇ ಭಾವ ಅಂಗಿ ತೊಟ್ಟು ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಕುಪ್ಪೇಲೂರಿನ ದೊಡ್ಡಾಟ, ಅಗಡಿಯ ಮದುವೆಯ ಸೋಬಾನೆ, ಕಾಗಿನೆಲೆಯ ಭಜನೆ ಒಂದಾದ ಮೇಲೊಂದು ಬರುತ್ತಿದ್ದವು. ಹಾಡಿನ ನಡುವೆ ಯಾರೋ ಕೆಮ್ಮುವರು, ಯಾರೋ ಮೈಕ್ ಹಿಡಿದು ಊಟಕ್ಕೆ ಏಳಿರೆಂದು ಕರೆಯುವರು, ಕೂಸು ಅಳುವುದು. ಭಾವ ಕೆಮ್ಮನ್ನೂ ಗುರುತು ಹಿಡಿಯುತ್ತಿದ್ದರು.

"ಇಂವಾ ಸತ್ತ. ಈ ತಾಳದಾಂವನೂ ಸತ್ತ. ಈಗ ಹಾಡಾಕತ್ತಾಳಲ್ಲ, ಅಕಿ ಅದಾಳ, ಆದ್ರ ಮಾತು ನಿಂತಾವು."

ನನಗೆ ಹಾಡಿನ ಹುಚ್ಚು ಇಲ್ಲ. ಆದರೂ ಹೆದ್ದಾರಿಯಲ್ಲಿ ವೇಗ ಇಳಿಸಿ ಕೇಳಿದ್ದುಂಟು. ಆಸ್ಪತ್ರೆಯ ಕುರ್ಚಿಯಲ್ಲಿ ಕೈಗೆ ಸೂಜಿ ಚುಚ್ಚಿಸಿಕೊಂಡು ಕೂತಾಗ ಅವರ ತುಟಿ ಅಲುಗುತ್ತಿತ್ತು. ಏನೆಂದು ಒಮ್ಮೆ ವಿಚಾರಿಸಿದೆ.

"ದಾರ್‍ಯಾಗ ಕೇಳಿದ್ದನ್ನ ಇಲ್ಲಿ ತಲ್ಯಾಗ ಮತ್ತ ಹಚ್ಚತೀನಿ," ಎಂದರು. "ನಾಕು ತಾಸಿಗೆ ಬರೋಬ್ಬರಿ ಆಕ್ಕೈತಿ."

ಒಂದೇ ಒಂದು ಕಿರಿಕಿರಿ ಇತ್ತು. ಎಲ್ಲಿ ನಿಂತರೂ ಎಂಜಿನ್ ಬಂದ್ ಮಾಡುವುದು ನನ್ನ ರೂಢಿ. ಮತ್ತೆ ಚಾಲೂ ಮಾಡುವಾಗ ಆ ಕುಳಿಯ ಕರೆಂಟು ಒಂದು ಕ್ಷಣ ಕಡಿಯುತ್ತಿತ್ತು. ಡಿಸ್ಕು ನಿಂತು ಪುನಃ ಎದ್ದು, ಬಿಟ್ಟ ಜಾಗ ಮರೆತು ಮೊದಲ ಗಣಪತಿ ಸ್ತುತಿಗೇ ಹೋಗುತ್ತಿತ್ತು. ಪೆಟ್ರೋಲ್ ಬಂಕಿಗೊಮ್ಮೆ, ಔಷಧ ಅಂಗಡಿಗೊಮ್ಮೆ.

"ಇಷ್ಟು ಸಲ ಸ್ತುತಿ ಹಚ್ಚಿದ್ರ ಮದುವಿ ಮನ್ಯಾಗ ಬೀಗರು ಎದ್ದು ಹೋಗತಿದ್ರು," ಎಂದು ಗೊಣಗುತ್ತಿದ್ದರು. "ಇದಕ್ಕ ಡೈರೆಕ್ಟ್ ಬ್ಯಾಟರಿ ಕೊಡಬೇಕು."

ಒಂದು ಸೋಮವಾರ ಅಕ್ಕ ಚಹಾ ಕುಡಿದೇ ಹೋಗಬೇಕೆಂದಳು. ನಾನು ಒಳಗೆ ಕೂತೆ. ಹೊರಗೆ ಬಂದಾಗ ಬಾನೆಟ್ ತೆರೆದಿತ್ತು. ಭಾವ ಅಟ್ಟದ ಮೇಲಿನ ಪೆಟ್ಟಿಗೆಯಿಂದ ಉದ್ದ ವೈರಿನ ತಮ್ಮ ಹಳೆಯ ಬ್ಯಾಟರಿ ಕ್ಲಿಪ್ಪುಗಳನ್ನು ಮೊದಲೇ ತೆಗೆಸಿಟ್ಟುಕೊಂಡು, ಆ ಎರಡನೆಯ ಮೂತಿಯನ್ನು ಕತ್ತರಿಸಿ, ವೈರಿನ ತುದಿ ಸುಲಿದು ನೇರವಾಗಿ ಬ್ಯಾಟರಿಗೆ ಕಚ್ಚಿಸಿದ್ದರು. ಕರೆಂಟಿಲ್ಲದ ಹಳ್ಳಿಗಳಲ್ಲಿ, ಹೊಲದ ನಡುವಿನ ಆಟಗಳಲ್ಲಿ ನಲವತ್ತು ವರ್ಷ ಅವರು ಮಾಡಿದ್ದು ಇದನ್ನೇ. ಕಾರಿನ ಬ್ಯಾಟರಿ ತಂದು ಆಂಪ್ಲಿಫೈಯರ್‌ಗೆ ಕಚ್ಚಿಸಿದರೆ ಬೆಳತನಕ ಹಾಡು. ಆಂಪ್ಲಿಫೈಯರ್ ಅದಕ್ಕೆಂದೇ ಮಾಡಿದ್ದು. ಬ್ಯಾಟರಿಯ ಹನ್ನೆರಡು ವೋಲ್ಟನ್ನು ಐದಕ್ಕೆ ಇಳಿಸಿ ಡಿಸ್ಕಿಗೆ ಕೊಡುತ್ತಿದ್ದದ್ದು ಆ ಸಣ್ಣ ಚಾರ್ಜರು. ಭಾವ ಅದನ್ನು ಬರೀ ಸಿಕ್ಕಿಸುವ ಪಿನ್ನು ಎಂದುಕೊಂಡಿದ್ದರು.

"ಹಚ್ಚು ಈಗ," ಎಂದರು. ಮುಖದಲ್ಲಿ ಅಂಗಡಿಯ ದಿನಗಳ ಗತ್ತಿತ್ತು.

ಹಚ್ಚಲು ಏನೂ ಉಳಿದಿರಲಿಲ್ಲ. ಬಾಗಿಲು ತೆರೆದಾಗಲೇ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ಡಿಸ್ಕು ಮುಟ್ಟಿದರೆ ಬಿಸಿಯಿತ್ತು. ಭಾವ ಅದನ್ನು ಕಿವಿಗೆ ಹಿಡಿದು ನೋಡಿದರು. ಹಾವೇರಿಯವರೆಗೂ ತೊಡೆಯ ಮೇಲೆ ಇಟ್ಟುಕೊಂಡೇ ಬಂದರು.

ಮರಳುವಾಗ ಮೊದಲ ಬಾರಿ ಅದನ್ನು ತಮ್ಮ ಕೈ ಬಿಟ್ಟು ನನಗೆ ಕೊಟ್ಟರು, ರಿಪೇರಿಗೆ. ನಾನು ಸ್ಟೀರಿಯೋ ಅಂಗಡಿಯವನಿಗೆ ಕೊಟ್ಟೆ, ಅವನು ಹುಬ್ಬಳ್ಳಿಯ ರಿಪೇರಿಯವರಿಗೆ ಕಳಿಸಿದ. ಏನೂ ಉಳಿದಿಲ್ಲ, ತೆಗೆಯಲು ಬರುವುದಿಲ್ಲ ಎಂದು ಕೆಲವೇ ದಿನಗಳಲ್ಲಿ ಉತ್ತರ ಬಂತು. ಅಕ್ಕನಿಗೆ ಫೋನಿನಲ್ಲಿ ಹೇಳಿದೆ.

"ಅವರಿಗೆ ಹೇಳಬ್ಯಾಡ," ಎಂದಳು. "ರಿಪೇರಿ ಆಗಾಕತ್ತೈತಿ ಅನ್ನು. ಅದರ ಆಸೇಕ್ಕ ಬರಾಕತ್ತಾರ ತಮ್ಮಾ. ಆಸೆ ಹೋತಂದ್ರ ಅವರು ಎದ್ದು ಕುಂದ್ರಂಗಿಲ್ಲ."

ಹಾಗೆಯೇ ಹೇಳಿದೆ. ಪ್ರತಿ ಪಾಳಿಗೂ ಕಾರು ಹತ್ತುತ್ತಲೇ "ಬಂತೇನೋ?" ಎನ್ನುವರು. "ಇನ್ನಾ ಇಲ್ರಿ, ಕೆಲಸ ನಡದೈತಿ," ಎನ್ನುವೆನು. ಸೋಮವಾರ ಕಳೆದು ಗುರುವಾರ, ಗುರುವಾರ ಕಳೆದು ಸೋಮವಾರ. ಹೊಸ ಸ್ಟೀರಿಯೋದಲ್ಲಿ ರೇಡಿಯೋ ಬರುತ್ತಿತ್ತು. ಹಚ್ಚಲು ಹೋದೆ, ಬೇಡವೆಂದರು.

ಒಂದು ಬೆಳಿಗ್ಗೆ ಮೋಟೆಬೆನ್ನೂರು ದಾಟಿದ ಮೇಲೆ ಅವರಾಗಿಯೇ ಮಾತು ತೆಗೆದರು.

"ನನ್ನ ಅಂಗಡ್ಯಾಗ ಒಂದು ರೇಡಿಯೋ ಇತ್ತು. ಒಬ್ಬಾಕಿ ಮುದುಕಿದು. ಸುಟ್ಟು ಹೋಗಿತ್ತು. ಹೋತವಾ ಇದು ಅಂತ ಹೇಳೂ ಬದಲಿ, ಮುಂದಿನ ಸಂತಿಗೆ ಬಾ ಅಂದೆ. ಗ್ವಾಡಿ ಮೊಳಿಗೆ ತೂಗ ಹಾಕಿದೆ. ಅಕಿ ಸಂತಿ ಸಂತಿಗೂ ಬಂದ್ಲು. ನಾ ಮುಂದಿನ ಸಂತಿ ಅಂದೆ. ಆಮ್ಯಾಲೆ ಬರೂದು ಬಿಟ್ಲು."

ನಾನು ರಸ್ತೆ ನೋಡುತ್ತಿದ್ದೆ.

"ನೀನೂ ನನ್ನ ಡಿಸ್ಕ್ ಮೊಳಿಗೆ ತೂಗ ಹಾಕೀಯಿಲ್ಲೋ?"

"ಹೂನ್ರಿ ಭಾವಾ."

"ಯಾವಾಗ ತಿಳೀತು?"

"ಹುಬ್ಬಳ್ಳಿಗೆ ಕಳಿಸಿದಾಗನ."

"ಅಕ್ಕ ಹೇಳಬ್ಯಾಡ ಅಂದಿರಬೇಕು."

ಗಾಡಿ ನಿಲ್ಲಿಸಲೇ ಎಂದು ಕೇಳಿದೆ.

"ನಡಿ, ಇಷ್ಟು ದೂರ ಬಂದೇವಿ," ಎಂದರು.

ಅಂದು ಕುರ್ಚಿಯಲ್ಲಿ ಅವರ ತುಟಿ ಅಲುಗಲಿಲ್ಲ. ಕಣ್ಣು ತೆರೆದುಕೊಂಡೇ ಇದ್ದರು. ಹೊರಟಾಗ ಹೇಳಿದರು, "ನೆನಪು ಮಾಡಿಕೊಂಡ್ರ ಬರ್ತೈತಿ ಅಂದ್ಕೊಂಡಿದ್ದೆ. ಪದ ಬರ್ತಾವು, ದನಿ ಬರವಲ್ದು."

ಮುಂದಿನ ಪಾಳಿಗೆ ಏಳಲಿಲ್ಲ. ನಾನು ಗದರಿಸಿದೆ. ಅಕ್ಕ ಎರಡು ದಿನ ಉಣ್ಣಲಿಲ್ಲ. ಅವಳು ಉಣ್ಣಲೆಂದು ಭಾವ ಒಮ್ಮೆ ಪಾಳಿಗೆ ಬಂದರು. ಅದಾದ ಮೇಲೆ ಬರಲಿಲ್ಲ. ನಾನು ಮಾತ್ರ ಸೋಮವಾರ, ಗುರುವಾರ ಅದೇ ಹೊತ್ತಿಗೆ ರಾಣೆಬೆನ್ನೂರು ಬಿಟ್ಟು ಅವರ ಮಂಚದ ಬಳಿ ಹೋಗಿ ಕೂಡುತ್ತಿದ್ದೆ. ಕಾಲು ಬಾತಿದ್ದವು. ದಿಂಬಿಗೆ ಒರಗಿ ಕೂತರೆ ಮಾತ್ರ ಉಸಿರು.

ಹಾಗೆ ಕೂತಿದ್ದಾಗ ಆಸ್ಪತ್ರೆಯಿಂದ ಫೋನು ಬಂತು. ನಂಬರು ನನ್ನದನ್ನೇ ಕೊಟ್ಟಿದ್ದೆವು. ಹುಡುಗಿಯ ದನಿ ಜೋರಾಗಿತ್ತು, ಮೂವರಿಗೂ ಕೇಳಿಸಿತು.

"ಅಜ್ಜಾರು ಬರ್ತಾರೇನ್ರಿ? ಬರಂಗಿಲ್ಲಂದ್ರ ಅವರ ಪಾಳಿ ಬ್ಯಾರೆದವರಿಗೆ ಕೊಡ್ತೀವಿ. ಭಾಳ ಮಂದಿ ಕಾಯಾಕತ್ತಾರ್ರಿ."

ನಾನು ಭಾವನನ್ನು ನೋಡಿದೆ.

"ಕೊಡಾಕ ಹೇಳು," ಎಂದರು. "ಪಾಪ, ಯಾರೋ ಕಾಯಾಕತ್ತಿರ್ತಾರ."

ಅಕ್ಕ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು, ಕೈಗೆ ರೊಟ್ಟಿ ಹಿಟ್ಟು ಹತ್ತಿತ್ತು. ಅವಳು ಬೇಡವೆನ್ನಲಿ ಎಂದು ಕಾದೆ. ಅವಳು ಅವರನ್ನೇ ನೋಡುತ್ತ ನಿಂತಳು.

"ಕೊಟ್ಟುಬಿಡ್ರಿ," ಎಂದು ಫೋನಿಗೆ ಹೇಳಿದೆ.

ಸ್ವಲ್ಪ ಹೊತ್ತಿನ ಮೇಲೆ ಭಾವ ನೀರು ಕೇಳಿದರು. ಕಾಯಿಲೆ ಶುರುವಾದಾಗಿನಿಂದ ಅವರಿಗೆ ನೀರು ಅಳತೆಯಲ್ಲಿ ಸಿಗುತ್ತಿತ್ತು. ಅಕ್ಕ ಒಂದು ಸಣ್ಣ ಲೋಟವನ್ನು ಅದಕ್ಕೆಂದೇ ಬೇರೆ ಇಟ್ಟಿದ್ದಳು, ಅದರ ಮೇಲೆ ಒಂದು ಗುಟುಕು ಕೇಳಿದರೂ ಜಗಳವಾಗುತ್ತಿತ್ತು. ಅವಳು ಕೈ ತೊಳೆದುಕೊಂಡು ಒಳಗೆ ಹೋದಳು. ಕೊಡದಿಂದ ತಂಬಿಗೆ ತುಂಬ ನೀರು ತಂದು ಅವರ ಕೈಗೆ ಕೊಟ್ಟಳು. ಭಾವ ಮೊದಲು ತಂಬಿಗೆಯನ್ನು ನೋಡಿದರು, ಆಮೇಲೆ ಅವಳನ್ನು. ಎರಡೂ ಕೈಯಲ್ಲಿ ಹಿಡಿದು, ನಡುವೆ ಉಸಿರಿಗಾಗಿ ನಿಂತು ನಿಂತು, ಪೂರ್ತಿ ಕುಡಿದರು.