ಹೊರಗಿನಿಂದ ಹಾಕಿದ ಚಿಲಕ

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವ ಆಸಾಮಿ ಅಲ್ಲ. ಯಾರಾದರೂ ದೆವ್ವದ ಸುದ್ದಿ ತೆಗೆದರೆ, ಹಿಂದಿನ ದಿನ ಏನು ತಿಂದಿದ್ದೆ, ಎಷ್ಟು ಗಂಟೆಗೆ ಮಲಗಿದ್ದೆ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದವನು. ಮೈಸೂರಿನಲ್ಲಿದ್ದಾಗ ನಮ್ಮತ್ತೆ ಮಂತ್ರಿಸಿ ತಂದ ನಿಂಬೆಹಣ್ಣನ್ನು ಪಾನಕ ಮಾಡಿ ಕುಡಿದು ಬೈಸಿಕೊಂಡಿದ್ದೇನೆ. ಕಂಪ್ಯೂಟರ್ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವುದು ನನ್ನ ಹೊಟ್ಟೆಪಾಡು. ಪ್ರತಿ ತಪ್ಪಿಗೂ ಎಲ್ಲೋ ಒಂದು ಕಾರಣ ಇದ್ದೇ ಇರುತ್ತದೆ, ಹುಡುಕುವವನಿಗೆ ತಾಳ್ಮೆ ಬೇಕು ಅಷ್ಟೇ ಎಂದು ಹೊಸಬರಿಗೆ ಪಾಠ ಹೇಳುವವನೂ ನಾನೇ. ಹಾಗಾಗಿ ಮುಂದಿನದನ್ನು ಓದಿ ನೀವು ನಕ್ಕರೆ ನನಗೆ ಬೇಜಾರಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ನಾವಿರುವುದು ಡಬ್ಲಿನ್ನಿನ ಲೂಕನ್‌ನಲ್ಲಿ. ನನ್ನ ಆಫೀಸು ಸಿಟಿವೆಸ್ಟ್‌ನಲ್ಲಿ, ಹೆಂಡತಿ ಸವಿತಾ ಆಸ್ಪತ್ರೆಯೊಂದರಲ್ಲಿ ನರ್ಸ್. ಒಬ್ಬಳೇ ಮಗಳು ಇಂಚರ, ಇಲ್ಲೇ ಹುಟ್ಟಿದವಳು. ನಾವು ಕನ್ನಡದಲ್ಲಿ ಕೇಳಿದರೆ ಅವಳು ಐರಿಶ್ ರಾಗದ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. 'ಊಟ ಆಯ್ತೇನೇ?' ಅಂದರೆ 'ಐಯಾಮ್ ಗ್ರ್ಯಾಂಡ್, ಅಪ್ಪಾ', ಅಂದರೆ ನಾನು ಚೆನ್ನಾಗಿದ್ದೇನೆ, ಏನೂ ಬೇಡ ಅಂತ. ಆ 'ಅಪ್ಪಾ' ಒಂದೇ ಕನ್ನಡ. ಅವಳು ಕಾಲೇಜಿನ ಮೊದಲ ವರ್ಷದಲ್ಲೇ ಕ್ಯಾಮೋಗಿ ತಂಡಕ್ಕೆ ಆಯ್ಕೆಯಾದಳು. ಬಾಗಿದ ಮರದ ಕೋಲು ಹಿಡಿದು ಹುಡುಗಿಯರು ಆಡುವ, ನೋಡಿದರೇ ಮೊಣಕಾಲು ನೋಯುವಂಥ ಇಲ್ಲಿನ ಆಟ ಅದು. ಚಿಕ್ಕಂದಿನಿಂದ ಆಸ್ತಮಾ ಇರುವ ಹುಡುಗಿ ಆ ತಂಡ ಸೇರಿದಳೆಂದು ನಾನು ಆಫೀಸಿನಲ್ಲಿ ಮೈಸೂರ್ ಪಾಕ್ ಹಂಚಿದೆ.

ಇನ್ನೊಂದು ವಿಷಯ ನಿಮಗೆ ಗೊತ್ತಿರಬೇಕು. ನಾನು ಓದಿದ್ದು ಬಯಲುಸೀಮೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ, ರ‍್ಯಾಗಿಂಗ್ ಜೋರಾಗಿದ್ದ ಕಾಲದಲ್ಲಿ. ನಮ್ಮ ಹಾಸ್ಟೆಲಿನಲ್ಲಿ ಜೂನಿಯರ್ ಆದವನು ಸೀನಿಯರ್ ಮುಖ ನೋಡುವ ಹಾಗಿರಲಿಲ್ಲ. ಅವನ ಅಂಗಿಯ ಮೂರನೇ ಗುಂಡಿಯ ಮೇಲೆ ಕಣ್ಣಿಟ್ಟು 'ಇಂಟ್ರೋ' ಕೊಡಬೇಕಿತ್ತು: ಹೆಸರು, ಊರು, ಬ್ರ್ಯಾಂಚು, ರ‍್ಯಾಂಕು, ಇದೇ ಕ್ರಮದಲ್ಲಿ. ಪ್ರತಿ ಮಾತಿನ ಹಿಂದೊಂದು, ಮುಂದೊಂದು 'ಸರ್'. ಒಂದು ಸರ್ ಬಿಟ್ಟರೆ ಮತ್ತೆ ಮೊದಲಿನಿಂದ. ಊಟಕ್ಕೆ ಕೂತಾಗ ಇದನ್ನೆಲ್ಲ ಅಭಿನಯ ಮಾಡಿ ಇಂಚರಳನ್ನು ನಗಿಸುತ್ತಿದ್ದೆ. ನನ್ನ ಕಥೆಗಳಲ್ಲಿ ನಾನು ಯಾವಾಗಲೂ ಪಾಪದ ಜೂನಿಯರ್ರೇ. ಸೀನಿಯರ್ ಆದ ಮೇಲಿನ ವರ್ಷಗಳ ಸುದ್ದಿ ನಾನಾಗಿ ಎತ್ತಲಿಲ್ಲ, ಯಾರೂ ಕೇಳಲೂ ಇಲ್ಲ.

ಐದಾರು ವರ್ಷಗಳ ಹಿಂದಿನ ನವೆಂಬರಿನ ಒಂದು ಶುಕ್ರವಾರ ಇಂಚರ ಸಪ್ಪಗಿದ್ದಳು. ಮರುದಿನ ಆಟ ಮುಗಿದ ಮೇಲೆ ಹೊಸ ಹುಡುಗಿಯರಿಗೆ 'ಇನಿಷಿಯೇಷನ್' ಇದೆಯಂತೆ, ಅಂದರೆ ನಮ್ಮ ರ‍್ಯಾಗಿಂಗಿಗೆ ಇಲ್ಲಿನ ಹೆಸರು. ಏನು ಮಾಡಿಸುತ್ತಾರೋ ಯಾರೂ ಹೇಳುತ್ತಿಲ್ಲ, ನನಗೆ ಹೋಗಲು ಮನಸ್ಸಿಲ್ಲ ಅಂದಳು.

"ಅವಳಿಗೆ ಬೇಡ ಅಂದ್ರೆ ಬಿಟ್ಬಿಡಿ. ನಿಮ್ಮ ಹಾಸ್ಟೆಲ್ ಪುರಾಣ ಶುರು ಮಾಡ್ಬೇಡಿ ಈಗ," ಅಂದಳು ಸವಿತಾ.

ನಾನು ಬಿಡಬೇಕಲ್ಲ! "ಏನೂ ಆಗಲ್ಲ ಹೋಗೇ. ಎರಡು ಗಂಟೆ ತಮಾಷೆ, ಆಮೇಲೆ ಅವರೇ ನಿನ್ನ ಜೀವದ ಗೆಳತಿಯರಾಗ್ತಾರೆ. ಬೇಡ ಅನ್ನೋರಿಗೇ ಜಾಸ್ತಿ ಕಾಟ ಕೊಡೋದು," ಅಂದೆ. ಸವಿತಾಳಿಗೆ ಬೇರೆ, ಇಲ್ಲಿಯವರ ಜೊತೆ ಬೆರೆಯದಿದ್ದರೆ ಹುಡುಗಿ ಇಲ್ಲೇ ಹುಟ್ಟಿಯೂ ಹೊರಗಿನವಳಾಗಿಯೇ ಉಳಿಯುತ್ತಾಳೆ ಎಂದು ಭಾಷಣ ಬಿಗಿದೆ. ಶನಿವಾರ ಬೆಳಿಗ್ಗೆ ನಾನೇ ಕಾರಿನಲ್ಲಿ ಕರೆದುಕೊಂಡು ಹೋಗಿ, ಊರ ಹೊರಗಿನ ಮೈದಾನದಲ್ಲಿ ಇಳಿಸಿ ಬಂದೆ. ಇಳಿಯುವಾಗ ಅವಳು ಒಂದು ಕ್ಷಣ ಬಾಗಿಲು ಹಿಡಿದು ನಿಂತಿದ್ದು ಈಗಲೂ ಕಣ್ಣಿಗೆ ಕಟ್ಟುತ್ತದೆ.

ಮಧ್ಯಾಹ್ನ ಸವಿತಾ ಡ್ಯೂಟಿಗೆ ಹೋಗಿದ್ದಳು. ನಾನು ಅಡುಗೆಮನೆಯಲ್ಲಿ ಹುಳಿಗೆ ಬೇಳೆ ಇಟ್ಟು ಈರುಳ್ಳಿ ಹೆಚ್ಚುತ್ತಿದ್ದೆ. ಮೂರೂವರೆಗೆ ಫೋನ್ ಹೊಡೆದುಕೊಂಡಿತು. ಇಂಚರಳ ಹೆಸರು.

"ಸರ್, ನಮಸ್ಕಾರ ಸರ್. ಸರ್, ಇಂಟ್ರೋ ಕೊಡ್ಲಾ ಸರ್?"

ಅವಳದೇ ದನಿ, ಆದರೆ ಕನ್ನಡ! ನನಗೆ ನಗು ತಡೆಯಲಾಗಲಿಲ್ಲ. ಅಲ್ಲಿ ಎಲ್ಲ ಮುಗಿದಿದೆ, ಹುಡುಗಿ ಖುಷಿಯಲ್ಲಿದ್ದಾಳೆ, ನನ್ನನ್ನು ರೇಗಿಸುತ್ತಿದ್ದಾಳೆ ಅಂದುಕೊಂಡೆ. ನಾನೂ ಹಳೆಯ ಗತ್ತು ತಂದುಕೊಂಡೆ.

"ಜೋರಾಗಿ ಹೇಳು! ಊಟ ಮಾಡಿಲ್ವಾ?"

"ಸರ್, ಹೆಸರು ಇಂಚರ ಸರ್. ಸರ್, ಊರು ಲೂಕನ್ ಸರ್..." ಅಲ್ಲಿಗೆ ನಿಂತಳು.

"ಮೊದಲಿಂದ!" ಅಂದೆ.

ಮತ್ತೆ ಹೇಳಿದಳು. ಇನ್ನೊಂದು ಸಲ ಹೇಳಿಸಿದೆ. ಮೂರನೇ ಸಲಕ್ಕೆ ಮಾತಿನ ನಡುವೆ ಉಸಿರು ಸಿಳ್ಳೆ ಹಾಕುತ್ತಿತ್ತು. ನಾನು ಈರುಳ್ಳಿ ಹೆಚ್ಚುತ್ತಲೇ, "ಆಹಾ, ಏನ್ ಆ್ಯಕ್ಟಿಂಗು ನಿಂದು!" ಅಂದೆ. ಹೌದು, ಅಂದೆ. ಅಂದಿದ್ದು ಅಂದಿದ್ದೇ.

ಆಗ ಅದೇ ದನಿ ಬೇರೆ ಸೀಮೆಯ ಮಾತಿಗೆ ತಿರುಗಿತು.

"ಸರ್, ಉಸ್ರು ಕಟ್ಟಾಕತ್ತೈತ್ರಿ ಸರ್. ಬಾಗ್ಲಾ ತಗೀರಿ ಸರ್. ಹೊರಗಿಂದ ಚಿಲಕಾ ಹಾಕೀರಿ ಸರ್. ಒಳಗ ಭಾಳ ಕತ್ಲಿ ಐತ್ರಿ." ಸ್ವಲ್ಪ ತಡೆದು, "ಮೈದಾನದ ಹಿಂದ, ನೆಟ್ ಇಟ್ಟಿರೋ ಕಬ್ಬಿಣದ ಖೋಲಿ ಸರ್." ಅಷ್ಟೇ. ಫೋನ್ ಕಟ್ಟಾಯಿತು.

ಚಾಕು ಎಲ್ಲಿ ಬಿತ್ತೋ ಗೊತ್ತಿಲ್ಲ. ಯಾಕೆಂದರೆ ಆ ಸೀಮೆಯ ಮಾತುಗಳಲ್ಲಿ ಕೊನೆಯದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ನಾನು ಹಿಂದೊಮ್ಮೆ, ಅಕ್ಷರ ಬಿಡದೆ, ಕೇಳಿದ್ದೆ.

ನಾನು ಎರಡನೇ ವರ್ಷದಲ್ಲಿದ್ದಾಗ ಗದಗ ಕಡೆಯ ಬಸವರಾಜ ಎಂಬ ಜೂನಿಯರ್ ಇದ್ದ. ಕಡ್ಡಿಯಂಥ ಹುಡುಗ. ಇಂಟ್ರೋ ಕೊಡುವಾಗ ಎರಡು ಸಲ ಸರ್ ಮರೆತ ಎಂದು ಅವನನ್ನು ಹಾಸ್ಟೆಲ್ ಹಿಂದಿನ ಪಂಪ್ ಮನೆಯೊಳಗೆ ತಳ್ಳಿ ಚಿಲಕ ಹಾಕಿದವನು ನಾನು. ಒಳಗೆ ಪಂಪು ಗುಡುಗುತ್ತಿತ್ತು. ಜೊತೆಗಿದ್ದ ಇಬ್ಬರು ಮುಂದೆ ಹೋದರು. ನಾನು ಬಾಗಿಲ ಹತ್ತಿರವೇ ನಿಂತಿದ್ದಾಗ ಅವನು ಆ ಮಾತು ಹೇಳಿದ. ಏನ್ ಆ್ಯಕ್ಟಿಂಗೋ ನಿಂದು ಅಂದು ನಾನೂ ಟಿವಿಯಲ್ಲಿ ಮ್ಯಾಚ್ ನೋಡಲು ಹೋದೆ. ಹೋದವನು ಮರೆತೇಬಿಟ್ಟೆ. ಸಂಜೆ ಪಂಪ್ ನಿಲ್ಲಿಸಲು ಬಂದವನು ಬಾಗಿಲು ತೆಗೆದಾಗ ಬಸವರಾಜನಿಗೆ ಪ್ರಜ್ಞೆ ಇರಲಿಲ್ಲ. ಬದುಕಿಕೊಂಡ. ಆದರೆ ಅದೇ ವಾರ ಕಾಲೇಜು ಬಿಟ್ಟು ಊರಿಗೆ ಹೋದ. ಯಾರು ಮಾಡಿದ್ದು ಎಂದು ಅವನೂ ಹೇಳಲಿಲ್ಲ, ನಾವೂ ಹೇಳಲಿಲ್ಲ. ಇದನ್ನು ನಾನು ಮಗಳಿಗಿರಲಿ, ಸವಿತಾಳಿಗೂ ಹೇಳಿರಲಿಲ್ಲ.

ಡ್ರಾಯರಿನಲ್ಲಿ ಸವಿತಾ ಇಟ್ಟಿರುತ್ತಿದ್ದ ಇಂಚರಳ ಇನ್ನೊಂದು ಇನ್ಹೇಲರ್ ಕಿತ್ತುಕೊಂಡು ಕಾರು ಹತ್ತಿದೆ. ಒಲೆ ಆರಿಸಿದೆನೋ ಇಲ್ಲವೋ ನೆನಪಿರಲಿಲ್ಲ. ದಾರಿಯುದ್ದಕ್ಕೂ ಅವಳಿಗೆ ಫೋನ್ ಮಾಡುತ್ತಲೇ ಇದ್ದೆ, ಸ್ವಿಚ್ ಆಫ್. ಒಂದೊಂದು ಕೆಂಪು ದೀಪಕ್ಕೂ ಕೆಟ್ಟಾಕೊಳಕಾಗಿ ಬೈದೆ, ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ನಿಂಬೆಹಣ್ಣಿನ ಪಾನಕ ಕುಡಿದಿದ್ದ ನಾನೇ!

ಮೈದಾನದ ಪಕ್ಕದ ಕ್ಲಬ್ ಕಟ್ಟಡದೊಳಗೆ ಹುಡುಗಿಯರ ಗಲಾಟೆ, ನಗು, ಪಿಜ್ಜಾ ವಾಸನೆ. ನಾನು ಅಲ್ಲಿ ಕೇಳುವುದಕ್ಕೂ ನಿಲ್ಲದೆ ಹಿಂದಕ್ಕೆ ಓಡಿದೆ. ಹಸಿರು ಬಣ್ಣದ ದೊಡ್ಡ ಕಬ್ಬಿಣದ ಕಂಟೇನರ್ ಇತ್ತು. ಹೊರಗಿನಿಂದ ಚಿಲಕ ಹಾಕಿತ್ತು. ತೆಗೆದರೆ ಒಳಗೆ ನೆಟ್ಟುಗಳ ರಾಶಿಗೆ ಒರಗಿ ನನ್ನ ಮಗಳು ಕೂತಿದ್ದಳು. ತುಟಿ ನೀಲಿಯಾಗಿತ್ತು, ಕಣ್ಣು ತೆರೆದಿದ್ದರೂ ನನ್ನ ಗುರುತು ಹತ್ತಲಿಲ್ಲ. ಇನ್ಹೇಲರನ್ನು ಬಾಯಿಗಿಟ್ಟು ಒತ್ತಿದೆ, ಮತ್ತೆ ಒತ್ತಿದೆ. ಕಂದಾ, ಉಸಿರು ತಗೋ, ಉಸಿರು ತಗೋ ಎಂದು ನಾನು ಕಿರುಚಿದ್ದಕ್ಕೇ ಒಳಗಿದ್ದ ಹುಡುಗಿಯರೆಲ್ಲ ಓಡಿ ಬಂದರಂತೆ. ಆಂಬುಲೆನ್ಸ್ ಬರುವಷ್ಟರಲ್ಲಿ ಅವಳು ನನ್ನ ಅಂಗಿ ಹಿಡಿದುಕೊಂಡು 'ಅಪ್ಪಾ' ಅಂದಳು. ಇನ್ನು ಹತ್ತು ನಿಮಿಷ ತಡವಾಗಿದ್ದರೆ ಕಷ್ಟವಿತ್ತು ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದರು.

ಆಮೇಲೆ ಗೊತ್ತಾದದ್ದು ಇಷ್ಟು. ಹೊಸ ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ಆ ಕತ್ತಲೆಯಲ್ಲಿ ಕೂಡಿ, ಉಳಿದವರು ಹೊರಗಿನಿಂದ ಕೋಲಿನಲ್ಲಿ ಬಡಿಯುತ್ತ ಒಂದು ಹಾಡು ಹಾಡುವುದು ಆ ತಂಡದ ಪದ್ಧತಿ. ಹಾಡು ಮುಗಿದರೆ ಬಿಡುಗಡೆ. ಇಂಚರ ಕೊನೆಯವಳು. ಅಷ್ಟರಲ್ಲಿ ಪಿಜ್ಜಾ ಬಂತು, ಮಳೆಯೂ ಹನಿಯಿತು, ಎಲ್ಲರೂ ಓಡಿದರು. ಚಿಲಕವನ್ನು ಇನ್ನೊಬ್ಬಳು ತೆಗೆದಿದ್ದಾಳೆ ಎಂದು ಪ್ರತಿಯೊಬ್ಬಳೂ ಅಂದುಕೊಂಡಳು. ಇಂಚರಳ ಇನ್ಹೇಲರ್ ಅವಳ ಬ್ಯಾಗಿನಲ್ಲಿತ್ತು, ಬ್ಯಾಗು ಕ್ಲಬ್ಬಿನೊಳಗಿತ್ತು. ತಂಡದ ಕ್ಯಾಪ್ಟನ್ ಆಸ್ಪತ್ರೆಗೆ ಬಂದು ಗೊಳೋ ಎಂದು ಅತ್ತಳು. ನಾವು ಬರೀ 'ಕ್ರ್ಯಾಕ್'ಗೆ ಮಾಡಿದ್ದು ಅಂದಳು. ಇಲ್ಲಿಯವರು ತಮಾಷೆಗೆ, ಮಜಾಕ್ಕೆ ಹಾಗನ್ನುತ್ತಾರೆ. ಅವಳಿಗೆ ನಾಲ್ಕು ಮಾತು ಬೈಯಬೇಕೆಂದು ಬಾಯಿ ತೆರೆದೆ. ಆಗಲಿಲ್ಲ. ಪಕ್ಕದಲ್ಲಿದ್ದ ಸವಿತಾ ಮಾತ್ರ ಸರಿಯಾಗಿ ಜಾಡಿಸಿದಳು.

ಫೋನಿನ ಮಾತು ಬಂದದ್ದು ಆಗಲೇ. ಬೆಳಿಗ್ಗೆಯೇ ಹೊಸಬರ ಫೋನುಗಳನ್ನೆಲ್ಲ ಸ್ವಿಚ್ ಆಫ್ ಮಾಡಿಸಿ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಹಾಕಿ, ಕ್ಯಾಪ್ಟನ್ ತನ್ನ ಕಾರಿನ ಡಿಕ್ಕಿಯಲ್ಲಿಟ್ಟು ಬೀಗ ಹಾಕಿದ್ದಳು. ಡಬ್ಬಿಯನ್ನು ತಂದು ನಮ್ಮ ಮುಂದೆಯೇ ತೆಗೆದಳು. ಇಂಚರಳ ಫೋನ್ ಅದರಲ್ಲೇ ಇತ್ತು. ಆನ್ ಮಾಡಿ ನೋಡಿದರೆ ಆ ಮಧ್ಯಾಹ್ನ ಅದರಿಂದ ಯಾರಿಗೂ ಕರೆ ಹೋಗಿಲ್ಲ. ನನ್ನ ಫೋನಿನಲ್ಲಿ ಮಾತ್ರ ಬಂದ ಕರೆ ದಾಖಲಾಗಿತ್ತು, ನಾಲ್ಕು ನಿಮಿಷದ್ದು. ಆ ನಾಲ್ಕು ನಿಮಿಷದಲ್ಲಿ ಮೂರನ್ನು ನಾನು ಇಂಟ್ರೋ ಹೇಳಿಸುವುದರಲ್ಲಿ ಕಳೆದಿದ್ದೆ.

ಸುಧಾರಿಸಿಕೊಂಡ ಮೇಲೆ ಇಂಚರಳನ್ನು ಕೇಳಿದೆ, ಒಳಗೆ ಏನಾದರೂ ಮಾತಾಡಿದೆಯಾ ಎಂದು. ಮಾತಾಡುವಷ್ಟು ಉಸಿರು ಎಲ್ಲಿತ್ತು ಅಂದಳು. ಗದಗದ ಮಾತು ಅವಳಿಗೆ ಬರುವುದಿಲ್ಲ, ಬರಲು ದಾರಿಯೂ ಇಲ್ಲ. ಫೋನ್ ಕಂಪನಿಯವರನ್ನು ಕೇಳಿದೆ. ಅವರ ಲೆಕ್ಕದಲ್ಲಿ ಅಂಥ ಕರೆಯೇ ಇಲ್ಲವಂತೆ. ಈರುಳ್ಳಿ ಹೆಚ್ಚುತ್ತ ನಿಂತಲ್ಲೇ ಕನಸು ಕಂಡೆನೇ? ಮನಸ್ಸಿನೊಳಗಿನ ಅಳುಕೇ ದನಿಯಾಗಿ ಬಂತೇ? ಹಾಗಾದರೆ ಆ ಕಂಟೇನರಿನ ಸುದ್ದಿ? ಅಂಥದ್ದೊಂದು ಅಲ್ಲಿದೆ ಎಂದೇ ನನಗೆ ಗೊತ್ತಿರಲಿಲ್ಲ. ಮೈದಾನದ ಹಿಂಬದಿಗೆ ನಾನು ಯಾವತ್ತೂ ಹೋದವನಲ್ಲ. ಎಷ್ಟು ಕೆದಕಿದರೂ ಕಾರಣ ಸಿಗಲಿಲ್ಲ. ನಿದ್ದೆ ಹೋಯಿತು. 'ನಿಂಗೆ ಹೇಗೆ ಗೊತ್ತಾಯ್ತು' ಎಂದು ಮಗಳು ತನ್ನ ಇಂಗ್ಲಿಷಿನಲ್ಲಿ ಕೇಳಿದಾಗಲೆಲ್ಲ ಏನೋ ಒಂದು ಸಬೂಬು ಹೇಳಿ ಎದ್ದು ಹೋಗುತ್ತಿದ್ದೆ.

ಎಂಟು ತಿಂಗಳು ತಡೆದುಕೊಂಡೆ. ಆಮೇಲೆ ಹಳೆಯ ಸ್ನೇಹಿತರನ್ನು ಹಿಡಿದು ಬಸವರಾಜ ಅವರ ನಂಬರ್ ಸಂಪಾದಿಸಿದೆ. ಗದಗದ ಹತ್ತಿರ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರು. ಒಂದು ಭಾನುವಾರ ಬೆಳಿಗ್ಗೆ ಕಾರಿನಲ್ಲಿ ಕೂತು ಫೋನ್ ಮಾಡಿದೆ. ಹೆಸರು ಹೇಳಿದೊಡನೆ ಗುರುತು ಹಿಡಿದರು. ಆ ಶನಿವಾರದ್ದನ್ನೆಲ್ಲ, ಆ ದನಿ ಆಡಿದ ಮಾತುಗಳ ಸಮೇತ, ಒಂದೇ ಉಸಿರಿಗೆ ಹೇಳಿದೆ. ಅವತ್ತು ನಿಮಗೇನಾದರೂ ಆಗಿತ್ತಾ, ಏನಾದರೂ ಅನ್ನಿಸಿತ್ತಾ ಎಂದು ಕೇಳಿದೆ.

"ಏನೂ ಇಲ್ರೀ. ನಿಮ್ಮ ಮೂರೂವರಿ ಅಂದ್ರ ನಮಗ ಒಂಬತ್ತು. ಊಟಾ ಮಾಡಿ ಪೇಪರ್ ತಿದ್ಕೋತ ಕುಂತಿರ್ತೀನಿ," ಅಂದರು. ಆಮೇಲೆ, "ಮಗಳು ಆರಾಮ ಅದಾಳಲ್ರೀ?"

"ಆರಾಮಾಗಿದಾಳೆ. ಬಸವರಾಜ್, ಅವತ್ತು ನನ್ನಿಂದ ದೊಡ್ಡ ತಪ್ಪಾಯ್ತು," ಅಂದೆ.

ಅವರು ಮೆತ್ತಗೆ ಕೇಳಿದರು: "ಹಂಗಾರ ನಾ ಒಳಗಿಂದ ಹೇಳಿದ್ದು ನಿಮಗ ಕೇಳಿಸಿತ್ತನ್ರೀ ಸರ್? ಪಂಪಿನ ಸಪ್ಪಳದಾಗ ಕೇಳಿಸಿರಂಗಿಲ್ಲ ಅಂತ ನಾ ಇಷ್ಟು ವರ್ಷ ತಿಳ್ಕೊಂಡಿದ್ದೆ."

ಐವತ್ತರ ಹತ್ತಿರದ ಮೇಷ್ಟರು ಇನ್ನೂ ನನಗೆ ಸರ್ ಅನ್ನುತ್ತಿದ್ದರು.

"ಕೇಳಿಸಿತ್ತು," ಅಂದೆ.

"ಹೂಂ," ಅಂದರು. ಫೋನ್ ಇಟ್ಟರು.

ನಾನು ಕಾರಿನಲ್ಲೇ ಕೂತು ಅತ್ತೆ. ಅದೊಂದು ಮಾತು ಒಪ್ಪಿಕೊಳ್ಳುವುದಕ್ಕೆ ನನ್ನ ಮಗಳ ದನಿಯಲ್ಲಿ ಯಾರು ಬಂದು ಕರೆಯಬೇಕಾಯಿತೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ.