ಮಾಸ್ತರರ ಸರ್ವೆಯಲ್ಲಿ ಬಿಟ್ಟುಹೋದ ಹೊಲಿಗೆ

ನಮ್ಮ ಯಜಮಾನರು ಚಂದ್ರಾಮಪ್ಪ ಮಾಸ್ತರು ತೀರಿಕೊಂಡು ಎರಡು ತಿಂಗಳಾಯಿತು. ಜೇವರ್ಗಿಯಲ್ಲಿ ಪಂಪಿನ ಮೋಟರ್ ರಿಪೇರಿ ಕಲಿತವರೆಲ್ಲ ಮಣ್ಣಿಗೆ ಬಂದಿದ್ದರು. "ಮಾಸ್ತರ ಸರ್ವೆ ಮಾಡಿದ್ದಕ್ಕ ನಮ್ಮ ಹೊಟ್ಟಿ ತುಂಬ್ಯದ" ಎಂದು ಅತ್ತರು. ಅದು ಸುಳ್ಳಲ್ಲ. ನಾನೂ ಅಳುತ್ತಿದ್ದೆ. ಸರ್ವೆಯ ಮಾತು ಬಂದಾಗ ಅಳು ನಿಂತಿತು.

೧೯೮೭ರಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕಿನಲ್ಲಿ ಯಾವ ಕಸುಬಿಗೆ ಗಿರಾಕಿ ಹೆಚ್ಚು ಎಂದು ಸರಕಾರ ಸರ್ವೆ ಮಾಡಿಸಿತು. ಹೆಚ್ಚು ಬೇಕಾದದ್ದನ್ನೇ ಕಲಿಸುವ ಶಾಲೆ ತೆರೆಯುವುದಿತ್ತು. ಊರೂರು ತಿರುಗಿ ಕೇಳುವ ಕೆಲಸ ಇವರಿಗೆ ಬಂತು. ಗಂಡಸರು ಮಾತಾಡಿದರು. ಹೆಂಗಸರು ಬಾಗಿಲ ಹಿಂದೆ ಸರಿದರು.

"ಶಿವಕಾಂತಾ, ನೀ ಸಂಗಟ ಬಾ. ನಿನ್ನ ಮುಂದ ಹೇಳ್ತಾರ" ಎಂದರು.

ಹೋದೆ. ಜಿಡಗಾ, ಹವಳಗಾ, ಎಲ್ಲ ಕಡೆ ಅಡುಗೆಮನೆಯಲ್ಲಿ ಕುಳಿತು ಕೇಳಿದೆ. ಎಲ್ಲರದೂ ಒಂದೇ ಮಾತು. ದರ್ಜಿ ಗಂಡಸು, ಮೈಯಳತೆ ಕೊಡುವ ಹಾಗಿಲ್ಲ. ಹಳೆಯ ಕುಪ್ಪಸ ಕಳಿಸಿದರೆ ಅದರಂತೆಯೇ ಹೊಲಿದು ಕೊಡುತ್ತಾನೆ.

"ಹಡದ ಮ್ಯಾಲ ಮೈ ಅಷ್ಟೇ ಇರ್ತದೇನು? ಅವನ ಹೆಂಡ್ತೀನ್ನ ಕೇಳಂತ ಹೇಳ್ರಿ" ಎಂದು ಹವಳಗಾದ ಗುರುಬಾಯಿ ನಕ್ಕಳು.

ಜೇವರ್ಗಿಯ ಅಖ್ತರಬೇಗಂ ಸೂಜಿಯಲ್ಲೇ ಹೊಲಿಯುತ್ತಿದ್ದಳು. "ಮಷಿನ್ ಕಲಿಸಿದ್ರ ಅರ್ಧ ಊರು ನನ್ನ ಬಾಗಲಿಗೆ ಬರ್ತದ, ಅಕ್ಕಾ" ಎಂದಳು.

"ಕಲಸ್ತಾರ. ನಮ್ಮವರು ಬರ್ಕೊಂಡಾರ."

"ಗಂಡನ ಮಾತು ನೀವು ಕೊಡಾಕತ್ತೀರೇನು?"

"ನನ್ನ ಮಾತೇ ಕೊಡ್ತೇನಿ."

ಮರು ವರ್ಷ ಜೇವರ್ಗಿಯಲ್ಲಿ ಶಾಲೆ ತೆರೆಯಿತು. ಅಖ್ತರಬೇಗಂ ನಾಲ್ಕು ಹೆಂಗಸರನ್ನು ಕರೆದುಕೊಂಡು ಮಡಿಕೆ ಬಿಚ್ಚಿದ ಹೊಸ ಸೀರೆ ಉಟ್ಟು ಬಂದಳು. ಒಳಗೆ ಬರೀ ಮೋಟರುಗಳು. ಒಂದೂ ಹೊಲಿಗೆ ಮಷಿನ್ ಇಲ್ಲ. ಯಜಮಾನರನ್ನು ಗೋಡೆ ಬದಿಗೆ ಕರೆದೆ.

"ಹೊಲಿಗಿ ಎಲ್ಲದರಿ?"

"ಲೆಕ್ಕಕ್ಕ ಬರಲಿಲ್ಲ."

"ಎಲ್ಲಾರೂ ಅದನ್ನೇ ಹೇಳ್ಯಾರಲ್ರಿ."

"ಹೆಂಗಸರು ಹೊಲಿಗಿಗೆ ಜೋಳ ಕೊಡ್ತಾರ. ರೊಕ್ಕ ಕೊಟ್ಟವರನ್ನಷ್ಟೇ ಗಿರಾಕಿ ಅಂತ ಹಿಡೀರಿ ಅಂದ್ರು ಸಾಹೇಬರು. ಹೊಡದು ಹಾಕಿದೆ."

"ಯಾವಾಗ?"

"ದೀಪಾವಳಿ ಮುಂದ."

ಅದಾದ ಮೇಲೆ, ಶಿವರಾತ್ರಿ ಹೊತ್ತಿಗೆ, ಹೊಲಿಗೆ ಕಲಿಸುವುದು ಖರೆಯೇ ಎಂದು ಅಖ್ತರಬೇಗಂ ನಮ್ಮ ಮನೆಗೆ ಬಂದು ಕೇಳಿದ್ದಳು. ಖರೇನೇ ಆಗ್ತದ ಎಂದು ನಾನು ಹೇಳಿದ್ದೆ. ಇವರು ಅಲ್ಲೇ ಕುಳಿತು ಚಹಾ ಕುಡಿಯುತ್ತಿದ್ದರು.

ಅಂದು ಆ ಹೆಂಗಸರಿಗೆ ನಾನೇ ಹೇಳಬೇಕಾಯಿತು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. "ಬಿಡ್ರಿ ಅಕ್ಕಾ, ನಿಮಗೂ ಹೇಳಿಲ್ಲ ಅಂದ್ರ ನೀವರೆ ಏನ್ ಮಾಡ್ತೀರಿ" ಎಂದು ಅಖ್ತರಬೇಗಂ ಹೋದಳು. ಆಮೇಲೆ ನನ್ನ ಮಾತನ್ನು ಅವರು ಯಾರೂ ನೆಚ್ಚಲಿಲ್ಲ.

ಇವರು ಕೆಟ್ಟವರಲ್ಲ. ಯಾರ ಐದು ಪೈಸೆ ಮುಟ್ಟಲಿಲ್ಲ, ನನ್ನ ಮೇಲೆ ಕೈ ಎತ್ತಲಿಲ್ಲ. ಕಡೆಗಾಲಕ್ಕೆ ನನ್ನ ಕೈ ಹಿಡಿದು, "ಏನರೆ ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೋ" ಎಂದರು.

ಯಾವ ತಪ್ಪು ಎಂದು ಹೇಳಲಿ ಎಂದು ಕಾದೆ. ಹೇಳಲಿಲ್ಲ.